ಸದ್ದಿಲ್ಲದ ವರಪರೀಕ್ಷೆ

ಹುಡುಗನ ಮನೆಯವರು ವಿಡಿಯೋ ಕಾಲ್‌ನಲ್ಲಿ ಕಾಣಿಸಿಕೊಂಡಾಗಲೇ, ಬೆಳಿಗ್ಗೆ ಲ್ಯಾಪ್‌ಟಾಪ್‌ನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು, ಅಪ್‌ಡೇಟ್ ಮಾಡಿದ್ದು ತಪ್ಪಾಯಿತೆಂದು ಮಂದಾಕಿನಿಗೆ ಗೊತ್ತಾದದ್ದು. ಪರದೆಯ ಮೇಲೆ ಎಲ್ಲರ ತುಟಿಗಳೂ ಆಡುತ್ತಿದ್ದವು. ಲ್ಯಾಪ್‌ಟಾಪ್‌ನಿಂದ ಮಾತ್ರ ಒಂದು ಸದ್ದೂ ಇಲ್ಲ.

“ಸೌಂಡೇ ಹೋಗಿದೆ ಅಪ್ಪ, ತಾಳು ನೋಡ್ತೀನಿ,” ಎಂದು ಅವಳು ಸೆಟ್ಟಿಂಗ್ಸ್ ತೆರೆದಳು.

“ಹಂಗಾದ್ರೆ ನಾವು ಮಾತಾಡೋದೂ ಅವ್ರಿಗೆ ಕೇಳ್ಸಲ್ವಾ?”

“ಇಲ್ಲಪ್ಪ, ಹೆಂಗ್ ಕೇಳ್ಸತ್ತೆ?”

ಅಪ್ಪ ನಿರಾಳವಾಗಿ ಪರದೆಯ ಕಡೆಗೆ ಬಾಗಿದರು. “ಹುಡುಗನ ಮೂಗು ನೋಡೇ, ಮುಖಕ್ಕಿಂತ ಮುಂಚೆ ಬಂದು ಕೂತಿದೆ! ಏನಾದ್ರೂ ನೆಪ ಹೇಳಿ ಬೇಡ ಅಂದ್ಬಿಡೋಣ.”

“ನಾನೇನು ಮೂಗನ್ನ ಕಟ್ಕೋತೀನಾ? ಅಲ್ ನೋಡು, ಪಕ್ಕದಲ್ಲಿರೋ ಅಜ್ಜಿಗೆ ಕಿತ್ತಳೆ ಸುಲಿದು, ಒಂದೊಂದೇ ಬೀಜ ತೆಗ್ದು ಕೊಡ್ತಿದಾರೆ. ನಂಗೆ ಇವ್ರೇ ಆಗ್ಬೇಕು.”

ಅಷ್ಟರಲ್ಲಿ ತೊಂದರೆ ಎಲ್ಲಿದೆಯೆಂದು ಅವಳಿಗೆ ಗೊತ್ತಾಯಿತು. ಹೊಸ ಕರ್ನಲ್ ಬಂದ ಮಾತನ್ನೆಲ್ಲ ಲ್ಯಾಪ್‌ಟಾಪ್‌ನ ಸ್ಪೀಕರನ್ನು ಬಿಟ್ಟು, ಜೋಡಿಸದೇ ಇದ್ದ ಟಿವಿಗೆ ಕಳಿಸುತ್ತಿತ್ತು. ಅವಳು ಪಟ್ಟಿಯಲ್ಲಿ ಸ್ಪೀಕರ್ ಆರಿಸಿದಳು.

ಮೊದಲು ಅಜ್ಜಿಯ ನಗು ಕೇಳಿಸಿತು. ಆಮೇಲೆ ಹುಡುಗನ ಧ್ವನಿ: “ಮೂಗಿನ ವಿಷಯದಲ್ಲಿ ಮಾವ ಹೇಳಿದ್ದು ಸರಿಯಾಗಿದೆ. ಮುಹೂರ್ತ ಯಾವತ್ತು ಇಟ್ಕೊಳ್ಳೋಣ?”