ಎಮ್ಮೆಯ ಉಸಿರು

‘ಎಮ್ಮೆಯು ಕೋಡುಗಳಿಂದ ಉಸಿರಾಡುತ್ತದೆ’ ಎಂದು ತಬಸ್ಸುಮ ಟೀಚರ್ ಹಲಗೆಯ ಮೇಲೆ ದುಂಡಗೆ ಬರೆದು ತಿರುಗಿ ನಿಂತಳು. ನಾಲ್ಕನೆಯ ತರಗತಿಯ ಇಪ್ಪತ್ತೊಂಬತ್ತು ಮಕ್ಕಳೂ ತಲೆ ಬಗ್ಗಿಸಿ ಅದನ್ನು ವಹಿಗೆ ಇಳಿಸಿಕೊಳ್ಳುತ್ತಿದ್ದರು. ಮುಂಜಾನೆ ಎಮ್ಮೆಯ ಮೈ ತೊಳೆದು, ಸಗಣಿ ಬಳಿದು, ಕೈಕಾಲು ತೊಳೆದುಕೊಂಡು ಶಾಲೆಗೆ ಬಂದ ಮಕ್ಕಳು.

“ತಿಳೀತೇನು?”

“ತಿಳೀತ್ರೀ ಅಕ್ಕೋರ!”

“ಎರಡೂ ಕೋಡಿಲೇನ?”

“ಎರಡೂ ಕೋಡಿಲೇರಿ!”

ಬೆಟಗೇರಿಯಿಂದ ದಿನಾ ಬಸ್ಸು ಹಿಡಿದು ಡಂಬಳದ ಆಚೆಯ ಈ ಸಣ್ಣ ಊರಿಗೆ ಬಂದು ಹೋಗುವ ತಬಸ್ಸುಮಳಿಗೆ ಈ ‘ತಿಳೀತ್ರೀ’ ಕೇಳಿ ಕೇಳಿ ಸಾಕಾಗಿತ್ತು. ಏನು ಹೇಳಿದರೂ ಮಕ್ಕಳಿಗೆ ತಿಳಿಯುತ್ತಿತ್ತು. ಮರುದಿನ ಕೇಳಿದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಅಂದು ಬೇಕೆಂದೇ ಸುಳ್ಳು ಬರೆದಿದ್ದಳು. ಒಬ್ಬರಾದರೂ ತಪ್ಪೆಂದಾರು ಎಂದು ಕಾದಳು. ಯಾರೂ ಅನ್ನಲಿಲ್ಲ. ಒರೆಸಿ ನಿಜ ಹೇಳಬೇಕು ಎನ್ನುವಷ್ಟರಲ್ಲಿ ಶನಿವಾರದ ಕೊನೆಯ ಗಂಟೆ ಹೊಡೆಯಿತು. ತರಗತಿ ಖಾಲಿಯಾಯಿತು.

ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ಮೂಕಪ್ಪ ಒಂದು ಕೈಯಲ್ಲಿ ಎಮ್ಮೆಯ ಹಗ್ಗ, ಇನ್ನೊಂದರಲ್ಲಿ ಮಗಳು ನೀಲಾಳ ರಟ್ಟೆ ಹಿಡಿದು ಶಾಲೆಯ ಅಂಗಳಕ್ಕೆ ಬಂದ. ಎಮ್ಮೆಯ ಬಲಗೋಡಿಗೆ ಹರಿದ ಪ್ಲಾಸ್ಟಿಕ್ ಚೀಲವೊಂದು ಇನ್ನೂ ಜೋತಾಡುತ್ತಿತ್ತು.

“ನೋಡ್ರಿ ಅಕ್ಕೋರ, ಈಕಿ ಮಾಡಿದ ಕೆಲಸಾ! ಎರಡೂ ಕೋಡಿಗೆ ಗೊಬ್ಬರದ ಚೀಲ ಸುತ್ತಿ ಬಿಗದು ಕಟ್ಯಾಳ್ರಿ. ನಿನ್ನಿ ಮುಂಜಾನಿಂದ ಸಂಜೀತನಕ ಎದುರಿಗೆ ಕುಂತು ನೋಡ್ಯಾಳ, ಉಸರು ನಿಂದರತೈತೋ ಇಲ್ಲೋ ಅಂತ. ನಾ ಹೊಲದಿಂದ ಬರೂದು ತಡಾ ಆಗಿದ್ರ ಎಮ್ಮಿ ಸತ್ತಹೋಗತಿತ್ರಿ!”

ತಬಸ್ಸುಮ ನಗು ತಡೆದುಕೊಂಡಳು. “ಯಾಕ ಸಾಯತೈತಿ ಮೂಕಪ್ಪನವರ? ಮೂಗು ಇರತೈತೆಲ್ಲ?”

ಮೂಕಪ್ಪ ಅವಳನ್ನು ಕನಿಕರದಿಂದ ನೋಡಿದ. “ನಾನೂ ನಲವತ್ತು ವರ್ಷ ಹಂಗ ತಿಳಕೊಂಡಿದ್ದೆರಿ. ನಾವು ಸಾಲಿ ಕಲತಾವ್ರಲ್ಲ. ಮಗ್ಗಲಮನಿ ರಫೀಕನ ಕಡೆಯಿಂದ ಈಕಿ ವಹಿ ಓದಿಸಿದೆ. ಕೋಡು ಅಂತ ಖರೇನ ಬರದೈತಿ. ಅಕ್ಕೋರು ಹೇಳಿದ್ದನ್ನ ಪರೀಕ್ಷಾ ಮಾಡತಾಳಂದ್ರ ಎಷ್ಟು ಸೊಕ್ಕಿರಬೇಕು ಈಕಿಗೆ! ಇಂಥಾಕಿಗೆ ಸಾಲಿ ಯಾಕ್ರಿ? ಹೆಸರು ತಗದ ಬಿಡ್ರಿ. ನಾಳಿಂದ ಹೊಲದಾಗ ಕಸಾ ತಗೀಲಿ.”

ಗದ್ದಲ ಕೇಳಿ ಹೆಡ್‌ಮಾಸ್ತರ ಖಾಸಿಂಸಾಬರು ಹೊರಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡು ತರಗತಿಯೊಳಗೆ ಹೋಗಿ, ಯಾರೂ ಒರೆಸದೆ ಬಿಟ್ಟಿದ್ದ ಹಲಗೆಯನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ತಬಸ್ಸುಮಳ ಹತ್ತಿರ ಬಂದು ದನಿ ತಗ್ಗಿಸಿದರು.

“ಟೀಚರ್ರ, ಮೊನ್ನಿ ನಮ್ಮದು ಹೊಸಾ ಜಿಲ್ಲಾ ಆತಂತ ಪಾಠಾನೂ ಹೊಸಾವು ಬಂದಾವೇನ್ರಿ? ತರಬೇತ್ಯಾಗ ನಮಗ್ಯಾರೂ ಹೇಳಲಿಲ್ಲ.”

ತಬಸ್ಸುಮ ನೀಲಾಳ ಕಡೆ ತಿರುಗಿದಳು. ಹುಡುಗಿ ಅಳುತ್ತಿರಲಿಲ್ಲ. ಕೆನ್ನೆಯ ಮೇಲೆ ಅಪ್ಪನ ನಾಲ್ಕು ಬೆರಳು ಮೂಡಿದ್ದವು.

“ತಪ್ಪು ಅನಿಸಿದ್ರ ಶನಿವಾರನ ಯಾಕ ಹೇಳಲಿಲ್ಲವಾ?”

“ಆವಾಗ ಇನ್ನಾ ನೋಡಿರಲಿಲ್ಲೆಲ್ರಿ.”

ತಬಸ್ಸುಮಳ ನಗು ಇಂಗಿ ಹೋಯಿತು. ಒಪ್ಪಿಕೊಂಡರೆ ಟೀಚರು ಮಕ್ಕಳಿಗೆ ಸುಳ್ಳು ಕಲಿಸುತ್ತಾಳೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತದೆ. ಒಪ್ಪಿಕೊಳ್ಳದಿದ್ದರೆ ಈ ಹುಡುಗಿ ನಾಳೆಯಿಂದ ಶಾಲೆಗೆ ಬರುವುದಿಲ್ಲ.

“ನಾ ಸುಳ್ಳು ಬರದಿದ್ದೆ,” ಎಂದಳು, ಎಲ್ಲರಿಗೂ ಕೇಳುವಂತೆ. “ಬೇಕಂತನ ಬರದಿದ್ದೆ, ತಪ್ಪು ಅನ್ನಾವ್ರು ಯಾರರ ಅದಾರೇನು ನೋಡಾಕ. ಎಮ್ಮಿ ಮೂಗಿಲೇ ಉಸರಾಡತೈತಿ. ಇಡೀ ಕ್ಲಾಸಿನ್ಯಾಗ ಅದನ್ನ ಕಲತಾಕಿ ನಿಮ್ಮ ಮಗಳೊಬ್ಬಾಕಿ. ಆಕಿ ಹೆಸರು ನಾ ತಗಿಯೂದಿಲ್ರಿ.”

ಖಾಸಿಂಸಾಬರು ಸುಮ್ಮನೆ ಕೆಮ್ಮಿದರು. ಮೂಕಪ್ಪನಿಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಮಗಳ ರಟ್ಟೆ ಬಿಟ್ಟು, ಎಮ್ಮೆಯ ಮೂಗಿನ ಮುಂದೆ ಅಂಗೈ ಹಿಡಿದು ಬಹಳ ಹೊತ್ತು ನಿಂತ. ಬೆಚ್ಚನೆಯ ಗಾಳಿ ಬಡಿಯಿತೇನೋ, ಮುಖ ಸಡಿಲವಾಯಿತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಕೋಡಿನ ತುದಿಗೂ ಒಮ್ಮೆ ಅಂಗೈ ಹಿಡಿದ. ಆಮೇಲೆ ಮಗಳನ್ನು ಅಲ್ಲೇ ಬಿಟ್ಟು, ಎಮ್ಮೆ ಹೊಡೆದುಕೊಂಡು ಹೋದ.

ತಬಸ್ಸುಮ ತರಗತಿಗೆ ಹೋಗಿ ಹಲಗೆ ಒರೆಸಿ ‘ಮೂಗಿನಿಂದ’ ಎಂದು ಬರೆದಳು. ಇಪ್ಪತ್ತೆಂಟು ತಲೆಗಳು ಬಗ್ಗಿದವು. ನೀಲಾ ಎದ್ದು ನಿಂತಳು.

“ಅಕ್ಕೋರ, ಶುಕ್ರವಾರ ಭೂಮಿ ತಿರಗತೈತಿ ಅಂತ ಹೇಳಿದ್ರೆಲ್ಲ?”

“ಹೌದವಾ. ಅದು ಖರೇನ ಐತಿ.”

“ಅದಕ್ಕ ಏನು ಕಟ್ಟಿ ನೋಡಬೇಕ್ರಿ?”