ಡೈಲಾಗಕ್ಕನ ಇಂಗ್ಲಿಷ್

ಹಿಂಬಾಗಿಲಿಗೆ ಸದಾ ಬೀಗ ಹಾಕಿರುತ್ತಾರೆ, ಹೋದ ತಿಂಗಳು ಹೊಗೆ ತುಂಬಿಕೊಂಡಾಗ ಪ್ರಾಣ ಹೋಗುವುದೊಂದು ಬಾಕಿ ಇತ್ತು ಎಂದು ಇಸ್ತ್ರಿ ಹಾಕುವ ದೊಡ್ಡಕ್ಕ ಹೇಳಿದ್ದನ್ನು ಮ್ಯಾನೇಜರ್ ಇಂಗ್ಲಿಷಿಗೆ ತಿರುಗಿಸಿದ್ದು ಹೀಗೆ: ಈಕೆಗೆ ಮನೆಗಿಂತ ಕಾರ್ಖಾನೆಯಲ್ಲೇ ಹಾಯೆನಿಸುತ್ತದಂತೆ. ಅಂಗಿ ಕೊಳ್ಳುವ ವಿದೇಶಿ ಕಂಪನಿಯಿಂದ ತಪಾಸಣೆಗೆ ಬಂದಿದ್ದ ಸಾಹೇಬ ತಲೆದೂಗಿ, ಕಾಗದದ ಮೇಲೊಂದು ಸರಿ ಗುರುತು ಹಾಕಿದ.

ಕಾಲರ್ ಹೊಲಿಯುವ ಡೈಲಾಗಕ್ಕ ಯಂತ್ರ ನಿಲ್ಲಿಸಿ ಎದ್ದಳು. ಆ ಹೆಸರು ಜೊತೆಯವರು ಇಟ್ಟದ್ದು. ಆರು ವರ್ಷದಿಂದ, ಲಕ್ವ ಹೊಡೆದ ಅತ್ತೆಯ ಕಾಲು ತಿಕ್ಕುತ್ತ, ಫೋನನ್ನು ಗೋಡೆಗೆ ಒರಗಿಸಿಕೊಂಡು ಅವಳು ನೋಡದ ಇಂಗ್ಲಿಷ್ ಸಿನಿಮಾ ಇಲ್ಲ, ಸೀರಿಯಲ್ ಇಲ್ಲ. ವಕೀಲರ ಸೀರಿಯಲ್ ಒಂದಂತೂ ಎಂಟು ಸೀಸನ್ ಬಾಯಿಪಾಠ. ಒಂದೊಂದು ಮಾತನ್ನೂ ಹತ್ತು ಸಲ ಹಿಂದಕ್ಕೆಳೆದು ಕೇಳುವಳು, ಅವರ ಹಾಗೇ ಏರಿಸಿ ಇಳಿಸಿ ಹೇಳುವಳು, ಅರ್ಥ ಕೈಗೆ ಸಿಗುವ ತನಕ ಬಿಡಳು. ಇಂಗ್ಲಿಷಿನ ಗಂಧಗಾಳಿಯಿಲ್ಲದ ಅತ್ತೆಯೂ ಈಗೀಗ, ಆ ವಕೀಲಮ್ಮ ಇವತ್ತಾದರೂ ಗೆದ್ದಳೇನೇ ಎಂದು ವಿಚಾರಿಸುವುದಿತ್ತು.

ಸಾಹೇಬ ಬರುವ ಸುದ್ದಿ ಸಿಕ್ಕ ದಿನವೇ ದೊಡ್ಡಕ್ಕ ಹೇಳಿಟ್ಟಿದ್ದಳು: "ನಾನು ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಆ ಮ್ಯಾನೇಜರ್ ತಿರುಚಿದ್ರೆ ನೀನು ಏಳು." ವಾರವಿಡೀ ಊಟದ ಹೊತ್ತಿನಲ್ಲಿ ವಿಭಾಗದ ಮೂವತ್ತೆಂಟು ಹೆಂಗಸರೂ ಸುತ್ತ ಕೂತು, ಆಗ ಹೇಳಬೇಕಾದ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಅವಳಿಂದ ಹೇಳಿಸಿದ್ದರು. ಒಂದಕ್ಷರ ಅರ್ಥವಾಗದವರೂ ತಿದ್ದುವವರೇ. ಇನ್ನೂ ಸ್ಟೈಲಾಗಿ ಹೇಳು, ಆ ವಕೀಲಮ್ಮ ಜಡ್ಜ್ ಮುಂದೆ ಹೇಳ್ತಾಳಲ್ಲ, ಹಾಗೆ ಎಂದು. ಇಂಗ್ಲಿಷ್ ಎಷ್ಟು ನಯವಾದರೆ ಬಾಗಿಲು ಅಷ್ಟು ಬೇಗ ತೆರೆಯುತ್ತದೆಂದು ಎಲ್ಲರೂ ನಂಬಿದ್ದರು.

ಅವಳು ಹೇಳಿದಳು, ಎಲ್ಲೂ ತಡವರಿಸದೆ. ಮ್ಯಾನೇಜರ್ ಈಗ ಹೇಳಿದ್ದು ಸುಳ್ಳು. ನಾವು ಬಟ್ಟೆ ಕದಿಯುತ್ತೇವೆಂಬ ಅನುಮಾನದಿಂದ ಹಿಂಬಾಗಿಲಿಗೆ ಬೀಗ ಜಡಿದಿದ್ದಾರೆ. ಇಸ್ತ್ರಿಯ ವೈರು ಸುಟ್ಟು ಹೊಗೆಯೆದ್ದ ದಿನ ನಾವೆಲ್ಲ ಆ ಬಾಗಿಲಿಗೇ ಹೋಗಿ ಒಬ್ಬರ ಮೇಲೊಬ್ಬರು ಬಿದ್ದೆವು, ಬಸುರಿಯೊಬ್ಬಳ ಕೈ ಮುರಿಯಿತು. ಇನ್ನೊಮ್ಮೆ ಬೆಂಕಿ ಬಿದ್ದರೆ ನಿಮ್ಮ ಅಂಗಿಗಳ ಜೊತೆ ನಾವೂ ಬೂದಿಯಾಗುತ್ತೇವೆ.

ಮ್ಯಾನೇಜರನ ಮುಖ ಬಿಳಿಚಿಕೊಂಡಿತು. ಹೆಂಗಸರು ಸಾಹೇಬನ ಬಾಯಿಯನ್ನೇ ನೋಡಿದರು.

"ಎಂಥ ಸೊಗಸಾದ ಇಂಗ್ಲಿಷ್," ಎಂದ ಸಾಹೇಬ. "ನಮ್ಮ ಕಡೆಯವರೇ ಮಾತಾಡಿದ ಹಾಗಿದೆ. ಎಲ್ಲಿ ಕಲಿತಿರಿ?"

"ನಾನು ಹೇಳಿದ್ದು ಬಾಗಿಲಿನ ವಿಷಯ, ಸರ್."

"ಅದನ್ನು ಮ್ಯಾನೇಜರ್ ನೋಡಿಕೊಳ್ಳುತ್ತಾರೆ ಬಿಡಿ. ನೀವು ಕಲಿತದ್ದು ಹೇಗೆ, ಅದನ್ನು ಹೇಳಿ."

ಅವಳು ಉತ್ತರಿಸುವ ಮೊದಲೇ ಮ್ಯಾನೇಜರನಿಗೆ ಹೋದ ಜೀವ ಬಂದಿತ್ತು. ಕೆಲಸಗಾರರಿಗೆಂದೇ ಕಂಪನಿ ಪುಕ್ಕಟೆ ಇಂಗ್ಲಿಷ್ ತರಗತಿ ನಡೆಸುತ್ತದೆ, ಈಕೆ ಅಲ್ಲಿ ಎಲ್ಲರಿಗಿಂತ ಮುಂದು ಎಂದು ಕಣ್ಣು ಮಿಟುಕಿಸದೆ ಒದರಿದ. ಆರು ವರ್ಷ ಅತ್ತೆಯ ಕಾಲ ಬುಡದಲ್ಲಿ ಕೂತು ಒಂದೊಂದೇ ಹೆಕ್ಕಿಕೊಂಡ ಮಾತುಗಳೆಲ್ಲ ಒಂದು ಉಸಿರಿನಲ್ಲಿ ಕಂಪನಿಯ ಪಾಲಾದವು. ಸಾಹೇಬ ತರಗತಿಯನ್ನು ಬರೆದುಕೊಂಡ. ಬಾಗಿಲನ್ನು ಬರೆದುಕೊಳ್ಳಲಿಲ್ಲ. ಆಮೇಲೆ ಫೋನ್ ಎತ್ತಿ ಹಿಡಿದು, ಇನ್ನೊಮ್ಮೆ ಹೇಳುತ್ತೀರಾ ಎಂದು ಬೇಡಿಕೊಂಡ. ಸಾಕ್ಷಿಗಾದರೂ ಉಳಿಯಲಿ ಎಂದುಕೊಂಡು ಅವಳು ಮೊದಲಿನಿಂದ, ಬಿಡಿಸಿ ಬಿಡಿಸಿ ಹೇಳಿದಳು. ಅವನು ನಗುನಗುತ್ತ ಚಪ್ಪಾಳೆ ತಟ್ಟಿದ.

ಮುಂದಿನ ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಮುಂಬಾಗಿಲ ಟೀವಿಯಲ್ಲಿ ಡೈಲಾಗಕ್ಕ ಇದ್ದಳು. ಅವಳ ಮಾತನ್ನು ಕಿತ್ತುಹಾಕಿ ಆ ಜಾಗಕ್ಕೆ ಪಿಟೀಲು ತುಂಬಿದ್ದರು. ತುಟಿ ಆಡುತ್ತಿತ್ತು, ಕೈ ಹಿಂದಕ್ಕೆ ತೋರಿಸುತ್ತಿತ್ತು, ಕೆಳಗೆ ಬಂಗಾರ ಬಣ್ಣದ ಅಕ್ಷರ: ನಮ್ಮ ಕೆಲಸಗಾರರು, ನಮ್ಮ ಹೆಮ್ಮೆ. ಹಿಂಬಾಗಿಲಿನ ಬೀಗ ತುಕ್ಕು ಹಿಡಿದಿತ್ತೆಂದು ಅದನ್ನು ತೆಗೆದು ಹೊಸದು ಹಾಕಿದ್ದರು.

ಹೆಂಗಸರು ಟೀವಿಯ ಮುಂದೆ ಗುಂಪುಗೂಡಿದರು. ಗುಂಡಿ ಹೊಲಿಯಲು ಆವತ್ತೇ ಸೇರಿದ್ದವಳು ಬೆರಗಾಗಿ ಕೇಳಿದಳು: "ನೀವೇ ಅಲ್ವಾ ಅಕ್ಕಾ? ಏನ್ ಹೇಳ್ತಿದೀರ ಅಲ್ಲಿ?"

ಡೈಲಾಗಕ್ಕ ಮ್ಯಾನೇಜರನ ಗಾಜಿನ ಕೋಣೆಯ ಕಡೆ ತಿರುಗಿ, ಮನೆಯಲ್ಲಿ ಆಡುವ ಮಾತಿನಲ್ಲೇ, ಗಾಜು ಅದುರುವ ಹಾಗೆ ಹೇಳಿದಳು: "ಬಾಗಿಲು ತೆಗೀರಿ ಅಂತಿದೀನಿ."

ಕೆಲಸ ಶುರುವಾಗುವ ಗಂಟೆ ಹೊಡೆಯಿತು. ಮೂವತ್ತೆಂಟರಲ್ಲಿ ಒಬ್ಬಳೂ ಒಳಗೆ ಹೋಗಲಿಲ್ಲ.