ತಣ್ಣಗಾದ ಗೀಸರ್

ಮನೆ ಪಾಲಿಗಾಗಿ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರಿಗೆ ಬಚ್ಚಲುಮನೆ ಇನ್ನೂ ಒಂದೇ ಇತ್ತು. ಅಲ್ಲಿನ ಗೀಸರ್ ಎರಡು ದಿನದಿಂದ ಕಾಯುತ್ತಿರಲಿಲ್ಲ.

“ಮೆಕ್ಯಾನಿಕ್ ಯಾಕೆ? ನೀನೇ ಸೈನ್ಸ್ ಮೇಷ್ಟ್ರಲ್ವಾ, ಬಿಚ್ಚಿ ನೋಡು,” ಎಂದು ತಮ್ಮ ಕುಟುಕಿದ್ದ.

ಪಾಲಾಕ್ಷ ಸ್ಟೂಲ್ ಹತ್ತಿ ಗೀಸರಿನ ಮುಚ್ಚಳ ಬಿಚ್ಚಿದ. ಸ್ವಿಚ್ಚು ಸರಿಯಿತ್ತು. ಇನ್ನು ಒಳಗಿನ ವೈರುಗಳನ್ನು ಎಳೆದು ನೋಡಬೇಕಿತ್ತು.

“ಗೀಸರಿನ ಫ್ಯೂಸ್ ಕಿತ್ತಿಡು,” ಎಂದು ಹಜಾರದ ಕಡೆ ಕೂಗಿದ.

“ನಾನೇನು ನಿನ್ನ ಆಳಾ?”

“ಕರೆಂಟ್ ಇದ್ರೆ ಸಾಯ್ತೀನಿ ಕಣೋ.”

ಹಜಾರದಲ್ಲಿ ಟೀವಿಯ ಸದ್ದು ತಗ್ಗಿತು.

“ಕಿತ್ತಿದೀನಿ, ನನ್ನ ಕೈಯಲ್ಲೇ ಇದೆ. ಧೈರ್ಯವಾಗಿ ಕೈ ಹಾಕು.”

“ಸರಿಯಾಗಿ ನೋಡಿದ್ಯಾ?”

“ನನ್ ಮೇಲೆ ನಂಬಿಕೆ ಇಲ್ವಾ, ಅಣ್ಣಾ?”

ಆರು ತಿಂಗಳ ಮೇಲೆ ತಮ್ಮ ಅವನನ್ನು ಅಣ್ಣಾ ಎಂದಿದ್ದ.

ಪಾಲಾಕ್ಷ, ಸ್ಟೂಲ್ ಹತ್ತುವ ಮೊದಲೇ ತಾನು ಕಿತ್ತು ಅಂಗಿಜೇಬಿಗೆ ಹಾಕಿಕೊಂಡಿದ್ದ ಫ್ಯೂಸನ್ನು ಮುಟ್ಟಿ ನೋಡಿಕೊಂಡ.